ಆರನೇ ನಂಬರು ನಿಂತ ನಿಮಿಷಗಳು

ಪಂದ್ಯದ ಕಡೆ ಕಣ್ಣೆತ್ತಿಯೂ ನೋಡದೆ ಎಂಟು ವರ್ಷ ಫುಟ್‌ಬಾಲಿನ ಅನ್ನ ಉಂಡವಳು ನಾನು. ಹೋದ ತಿಂಗಳು ಮೌಂಟನ್ ವ್ಯೂದಲ್ಲಿ ಪರಿಚಯದವರ ಮನೆಗೆ ಗಣಪತಿ ಊಟಕ್ಕೆ ಹೋಗಿದ್ದಾಗ, ನನ್ನ ಹಳೆಯ ಆಫೀಸಿಗೆ ಈಗಷ್ಟೇ ಸೇರಿದ ಇಬ್ಬರು ಹುಡುಗಿಯರು ಸಿಕ್ಕರು. "ಆಂಟಿ, ನಿಮ್ ಟೈಮಲ್ಲಿ ಈ ಜಾಬು ಹೇಗಿತ್ತು? ತುಂಬಾ ಬೋರಿಂಗಾ?" ಎಂದು ಕೇಳಿದರು. ತಟ್ಟೆಯಲ್ಲಿ ಹೋಳಿಗೆ ಇತ್ತು, ಸುತ್ತ ಜನ ಇದ್ದರು, ಹೇಳಲು ಆಗಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಜಾರಿನ ಕೆಲಸ ಹೌದು. ಆದರೆ ಈ ಅರವತ್ತಾರು ವರ್ಷಗಳಲ್ಲಿ ನಾನು ನಿಜವಾಗಿ ಹೆದರಿದ್ದು ಆ ಕೆಲಸದಲ್ಲೇ.

ರೆಡ್‌ವುಡ್ ಸಿಟಿಯಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಇಂಗ್ಲೆಂಡಿನಲ್ಲಿ ನಡೆಯುವ ಪಂದ್ಯವನ್ನು ಇಲ್ಲಿ ಕೂತು ಅಂಕಿಗಳಾಗಿ ಬರೆದು, ಆ ಅಂಕಿಗಳನ್ನು ಅಲ್ಲಿನ ಕ್ಲಬ್ಬಿಗೇ ಕಳಿಸುವುದು ನಮ್ಮ ಕೆಲಸ. ಯಾರು ಯಾರಿಗೆ ಚೆಂಡು ಕೊಟ್ಟರು, ಎಲ್ಲಿ ಕಳೆದುಕೊಂಡರು, ಯಾರು ಎಷ್ಟು ಓಡಿದರು, ಎಲ್ಲವೂ ಬೇಕು. ನನಗೆ ಆಟದ ಗಂಧಗಾಳಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೆ, ಬೆರಳು ವೇಗವಾಗಿದ್ದವು, ಅಷ್ಟೇ. ಸಂದರ್ಶನದಲ್ಲಿ ಮೇಲಧಿಕಾರಿ ಬ್ರೆಂಡಾ ನನ್ನ ಕೈ ಮಾತ್ರ ನೋಡಿದಳು. "ಆಟ ಗೊತ್ತಿಲ್ಲವೇ? ಒಳ್ಳೆಯದೇ ಆಯಿತು" ಎಂದಳು.

ಯಾಕೆ ಒಳ್ಳೆಯದು ಎಂಬುದು ಮರುದಿನ ತಿಳಿಯಿತು. ಆಗ ಒಂದು ಪಂದ್ಯಕ್ಕೆ ಇಬ್ಬರು. ಒಬ್ಬರು ಪರದೆ ನೋಡಿ ಕೂಗಿ ಹೇಳಬೇಕು, ಇನ್ನೊಬ್ಬರು ಕೇಳಿ ಕೀ ಒತ್ತಬೇಕು. ಕೀ ಒತ್ತುವವರ ಮೇಜು ಗೋಡೆಗೆ ಮುಖ ಮಾಡಿರುತ್ತಿತ್ತು. ಕಣ್ಣು ಪರದೆಯ ಮೇಲೆ ಹೋದರೆ ಕೈ ಕಿವಿಯ ಮಾತು ಕೇಳುವುದಿಲ್ಲ, ಕಂಡದ್ದನ್ನೇ ಒತ್ತಿಬಿಡುತ್ತದೆ. ಹಾಗಾಗಿ ನೋಡುವುದು ನಿಷೇಧ. ಬೆಳಗಿನ ಏಳಕ್ಕೆ, ಅಂದರೆ ಅಲ್ಲಿಯ ಮಧ್ಯಾಹ್ನ ಮೂರಕ್ಕೆ, ಆಟ ಶುರುವಾದರೆ ನನ್ನ ಪಾಲಿಗೆ ಇರುತ್ತಿದ್ದುದು ಒಂದು ಬಿಳಿಯ ಗೋಡೆ ಮತ್ತು ಹಿಂದಿನಿಂದ ಬರುವ ಒಂದು ದನಿ.

ಆ ದನಿ ಫೆಲಿಕ್ಸ್ ಅವರದು. ಮಂಗಳೂರಿನವರು, ನನಗಿಂತ ಎಂಟು ವರ್ಷ ಹಿರಿಯರು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿ ಮೊಣಕಾಲು ಮುರಿದುಕೊಂಡವರು. ಮಗಳು ಲವೀನಾಳ ಜೊತೆ ಸ್ಯಾನ್ ರಮೋನ್‌ನಲ್ಲಿದ್ದರು. ಇಂಗ್ಲಿಷಿನಲ್ಲಿ ಕೂಗಬೇಕೆಂಬ ನಿಯಮವಿತ್ತು. ಆದರೆ ಆಟ ಬಿರುಸಾದಾಗ ಅವರು ಕನ್ನಡಕ್ಕೆ ಬಂದುಬಿಡುತ್ತಿದ್ದರು. "ಆರು, ಎಂಟು, ಹನ್ನೊಂದು, ಹೋಯ್ತು! ಕೊಟ್ಟು ಬಿಟ್ಟ ಮಾರಾಯ್ರೆ!" ಅಂಕಿಗಳೆಲ್ಲ ಆಟಗಾರರ ಅಂಗಿಯ ನಂಬರು. ಬ್ರೆಂಡಾ ಬಾಗಿಲ ಹತ್ತಿರ ನಿಂತು ಕೇಳಿದಳು, ನನ್ನ ಫೈಲು ತೆರೆದು ನೋಡಿದಳು, ತಪ್ಪು ಸಿಗಲಿಲ್ಲ, ಹೊರಟುಹೋದಳು. ಆಮೇಲೆ ನಮ್ಮ ಕೋಣೆಯಲ್ಲಿ ಕನ್ನಡವೇ. ಅನುಮಾನ ಬಂದರೆ ಫೆಲಿಕ್ಸ್ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದರು. ಅದರ ನೆರಳು ನನ್ನ ಗೋಡೆಯ ಮೇಲೆ ಬೀಳುತ್ತಿತ್ತು. ತಡೆಯಿರಿ, ಒತ್ತಬೇಡಿ ಎಂದು ಅರ್ಥ.

ಒಂದೊಂದು ಜೋಡಿಗೆ ಒಂದೊಂದು ಕ್ಲಬ್ಬು. ನಮಗೆ ಬಂದದ್ದು ಉತ್ತರ ಇಂಗ್ಲೆಂಡಿನ, ಎರಡನೇ ದರ್ಜೆಯ ಲೀಗಿನ ಒಂದು ಕ್ಲಬ್ಬು. ಹೆಸರು ಬರೆಯುವುದಿಲ್ಲ, ಕರಾರಿಗೆ ಸಹಿ ಹಾಕಿದ್ದೇನೆ. ಹಳದಿ ಅಂಗಿಯವರು ಎನ್ನೋಣ. ಲೀಗು ಎಂದರೆ ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಬೇಕು, ಇವತ್ತು ಸೋತರೆ ಮುಂದಿನ ವಾರ ಉಂಟು. ಕಪ್ ಬೇರೆ, ಸೋತವರು ಅಂದೇ ಮನೆಗೆ. "ಲೀಗು ಅಂದ್ರೆ ಸಂಸಾರ, ಕಪ್ ಅಂದ್ರೆ ಜಾತ್ರೆ" ಎನ್ನುತ್ತಿದ್ದರು ಫೆಲಿಕ್ಸ್. ನಮ್ಮ ಹಳದಿಯವರು ಸಂಸಾರವನ್ನು ಹೇಗೋ ತೂಗಿಸುತ್ತಿದ್ದರು. ಜಾತ್ರೆಯಿಂದ ಮಾತ್ರ ಬರಿಗೈಯಲ್ಲೇ ವಾಪಸು.

ನನ್ನ ಮೊದಲ ದೊಡ್ಡ ಎಡವಟ್ಟು ಹೇಳದಿದ್ದರೆ ನೀವು ನನ್ನನ್ನು ಜಾಣೆ ಎಂದುಕೊಳ್ಳುತ್ತೀರಿ. ಅರ್ಧ ಆಟವಾದ ಮೇಲೆ ತಂಡಗಳು ಮೈದಾನದ ತುದಿ ಬದಲಿಸುತ್ತವೆ, ಆಗ ಒಂದು ಕೀ ಒತ್ತಬೇಕು. ನಾನು ಉಪ್ಪಿಟ್ಟಿನ ಡಬ್ಬಿ ಮುಚ್ಚುವ ಗಡಿಬಿಡಿಯಲ್ಲಿ ಒತ್ತಲಿಲ್ಲ. ಫೈಲು ಹೋಯಿತು. ಮರುದಿನ ಕ್ಲಬ್ಬಿನಿಂದ ಪತ್ರ: "ನಿಮ್ಮ ಲೆಕ್ಕದಲ್ಲಿ ನಮ್ಮ ಗೋಲ್‌ಕೀಪರ್ ನಲವತ್ತೈದು ನಿಮಿಷ ಎದುರಾಳಿಯ ಗೋಲಿನಲ್ಲಿ ನಿಂತಿದ್ದಾನೆ. ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆವು. ಅವನಿಗೂ ಗೊತ್ತಿಲ್ಲವಂತೆ." ಫೆಲಿಕ್ಸ್ ಒಂದು ವಾರ ಅದನ್ನೇ ಹೇಳಿ ನಗಿಸಿದರು. ನಾನೂ ನಕ್ಕೆ. ಆ ಪತ್ರದ ಕೊನೆಯ ಮಾತು ಮುಂದೊಂದು ದಿನ ಬೇರೆ ದನಿಯಲ್ಲಿ ಕೇಳಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಎಂಟನೇ ವರ್ಷದ ಚಳಿಗಾಲ. ಒಂದು ಶನಿವಾರದ ಲೀಗ್ ಪಂದ್ಯದ ನಡುವೆ, ಚೆಂಡು ಆ ತುದಿಯಲ್ಲಿ ಇದ್ದಾಗ, ಫೆಲಿಕ್ಸ್ ಇದ್ದಕ್ಕಿದ್ದಂತೆ, "ನಾಲ್ಕು ನಿಂತ" ಎಂದರು.

ನನ್ನ ಬೆರಳು ಗಾಳಿಯಲ್ಲೇ ಉಳಿಯಿತು. "ಏನ್ರೀ, ಯಾವ ಕೀ ಒತ್ತಲಿ? ನಿಂತದ್ದಕ್ಕ ಕೀ ಇಲ್ಲಲ್ರೀ."

"ಇಲ್ಲ, ಬಿಡಿ. ಬಾಲ್ ಅವನ ಹತ್ರ ಇಲ್ಲ. ಸುಮ್ಮನೆ ಹೇಳಿದ್ದು. ಎಂತದೋ, ಗೊಂಬೆ ಇಟ್ಟ ಹಾಗೆ ನಿಂತ."

ಮುಂದಿನ ವಾರ ಮತ್ತೆ ಹೇಳಿದರು. ಅದರ ಮುಂದಿನ ವಾರ ಎರಡು ಸಲ. ನನ್ನ ಫೈಲಿನಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲ. ಓಡುವುದಕ್ಕೆ, ಒದೆಯುವುದಕ್ಕೆ, ಬೀಳುವುದಕ್ಕೆ, ರೆಫರಿಯ ಮೇಲೆ ರೇಗುವುದಕ್ಕೂ ಕೀ ಇತ್ತು. ನಿಲ್ಲುವುದಕ್ಕೆ ಇರಲಿಲ್ಲ. ಜನವರಿಯ ಕಪ್ ಪಂದ್ಯದಲ್ಲಿ ಫೆಲಿಕ್ಸ್ "ನಾಲ್ಕು ನಿಂತ" ಎಂದರು, ಆಮೇಲೆ "ನಾಲ್ಕು ಬಿದ್ದ" ಎಂದರು, ಆಮೇಲೆ ಏನೂ ಹೇಳಲಿಲ್ಲ. ಗೋಡೆಯ ಮೇಲೆ ಅಂಗೈ ನೆರಳು ಎದ್ದು ನಿಂತಿತು, ಇಳಿಯಲೇ ಇಲ್ಲ. ಅಂದು ಮೊದಲ ಬಾರಿ ನಾನು ತಿರುಗಿ ಪರದೆ ನೋಡಿದೆ. ಹಳದಿ ಅಂಗಿಯವರೆಲ್ಲ ಬಿದ್ದವನ ಸುತ್ತ, ಹೊರಗೆ ಬೆನ್ನು ಮಾಡಿ ನಿಂತಿದ್ದರು.

ಆ ಹುಡುಗ ಏಳಲಿಲ್ಲ. ಸಂಜೆ ಫೈಲು ಮುಗಿಸಬೇಕಾಗಿತ್ತು, ಮುಗಿಸದೆ ಯಂತ್ರ ಬಿಡುವುದಿಲ್ಲ. ಸತ್ತದ್ದಕ್ಕೂ ಕೀ ಇರಲಿಲ್ಲ. "ಬದಲಿ ಆಟಗಾರ" ಎಂಬ ಕೀ ಒತ್ತಿದೆ. ಇವತ್ತಿಗೂ ಆ ಫೈಲಿನಲ್ಲಿ ಅವನು ಸುಸ್ತಾಗಿ ಹೊರಗೆ ಹೋದವನು. ಫೆಲಿಕ್ಸ್ ಕಾರಿನ ಹತ್ತಿರ ನಿಂತು, "ನಾನು ಮೂರು ವಾರ ಕಂಡೆ ಗಿರಿಜಾ. ಕಂಡು ಎಂತ ಮಾಡಿದೆ? ನಿಮಗೆ ಹೇಳಿದೆ, ನೀವು ಗೋಡೆ ನೋಡಿದ್ರಿ" ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷವೇ ಕೆಲಸ ಬಿಟ್ಟರು.

ಆಮೇಲೆ ಯಂತ್ರ ಬಂತು. ಮೈದಾನದ ಮಾಡಿನಲ್ಲಿ ಸುತ್ತ ನಾಲ್ಕು ಕ್ಯಾಮೆರಾ, ಪರದೆಯ ಮೇಲೆ ಹಸಿರು ಚೌಕ, ಅದರಲ್ಲಿ ಆಟಗಾರನಿಗೊಂದರಂತೆ ಇಪ್ಪತ್ತೆರಡು ಚುಕ್ಕೆ. ಕೂಗುವವರು ಬೇಡ, ಒತ್ತುವವರು ಬೇಡ. ಪಂದ್ಯ ಮುಗಿದ ಮೇಲೆ ಸೋಮವಾರ ಒಬ್ಬರು ಕೂತು ಚುಕ್ಕೆಗಳನ್ನು ಪರೀಕ್ಷಿಸಿದರೆ ಸಾಕು. ಆ ಒಬ್ಬರು ನಾನು. ಗೋಡೆ ನೋಡುತ್ತಿದ್ದವಳಿಗೆ ಚುಕ್ಕೆ ನೋಡುವ ಬಡ್ತಿ! ಕ್ಯಾಮೆರಾಗೆ ಕೆಲವೊಮ್ಮೆ ಆಟಗಾರ ತಪ್ಪಿಹೋಗುತ್ತಾನೆ. ಆಗ ಚುಕ್ಕೆ ಇದ್ದಲ್ಲೇ ಹೆಪ್ಪುಗಟ್ಟುತ್ತದೆ, ನಾಲ್ಕೈದು ಸೆಕೆಂಡು ಬಿಟ್ಟು ಮತ್ತೆ ಓಡುತ್ತದೆ. ಅಂಥ ಕಡೆ ಯಂತ್ರ ಹಳದಿ ಬಣ್ಣ ತೋರಿಸುತ್ತದೆ. ಮೊದಲಿನ ಓಟಕ್ಕೂ ಮುಂದಿನ ಓಟಕ್ಕೂ ನಡುವೆ ಒಂದು ಗೆರೆ ಎಳೆದು ಜೋಡಿಸಬೇಕು. ಅದಕ್ಕೆ ನಾವು ಬ್ರಿಡ್ಜು ಹಾಕುವುದು ಎನ್ನುತ್ತಿದ್ದೆವು. ಆಫೀಸಿನಲ್ಲಿ ನನ್ನಷ್ಟು ನಯವಾಗಿ ಬ್ರಿಡ್ಜು ಹಾಕುವವರು ಇರಲಿಲ್ಲ. ಸಂದು ಎಲ್ಲಿತ್ತು ಎಂದು ನನಗೇ ಆಮೇಲೆ ಕಾಣುತ್ತಿರಲಿಲ್ಲ. ಕೊನೆಗೆ "ಸರಿಯಿದೆ" ಎಂದು ನನ್ನ ಹೆಸರಿನ ಮೊದಲಕ್ಷರ ಹಾಕಿ ಕಳಿಸುತ್ತಿದ್ದೆ.

ನನ್ನ ನಿವೃತ್ತಿಯ ವರ್ಷದ ಆಟದ ಋತು ಆಗಸ್ಟಿನಲ್ಲಿ ಶುರುವಾಯಿತು. ಹಳದಿಯವರಿಗೆ ಆ ವರ್ಷ ಅದೇನು ಹುರುಪೋ, ಲೀಗಿನಲ್ಲಿ ಮೇಲೆ ಮೇಲೆ ಹೋದರು. ಹಿಂದೆ ನಿಂತು ಎದುರಾಳಿಗಳನ್ನು ಗೋಲಿನ ಹತ್ತಿರ ಬಿಡದೆ ತಡೆಯುವ ಆರನೇ ನಂಬರಿನ ಹೊಸ ಹುಡುಗ ತಂಡದ ಬೆನ್ನೆಲುಬಾಗಿದ್ದ. ಇಪ್ಪತ್ತೆರಡರ ಪ್ರಾಯ. ಮುಖ ನನಗೆ ಗೊತ್ತಿರಲಿಲ್ಲ, ಚುಕ್ಕೆ ಗೊತ್ತಿತ್ತು. ಎರಡು ಹೆಜ್ಜೆ ಹಿಂದೆ, ಒಂದು ಪಕ್ಕಕ್ಕೆ, ಆಮೇಲೆ ನೇರ ಓಟ. ಇಪ್ಪತ್ತೆರಡು ಚುಕ್ಕೆಯಲ್ಲಿ ಅವನನ್ನು ನಾನು ನಡಿಗೆಯಿಂದಲೇ ಗುರುತಿಸುತ್ತಿದ್ದೆ. ಅಕ್ಟೋಬರಿನಲ್ಲಿ ಅವನ ಚುಕ್ಕೆ ಒಮ್ಮೆ ಹೆಪ್ಪುಗಟ್ಟಿತು. ಬ್ರಿಡ್ಜು ಹಾಕಿದೆ. ನವೆಂಬರಿನಲ್ಲಿ ಮತ್ತೆ. ಹಾಕಿದೆ. ಕ್ಯಾಮೆರಾ ಹಳತಾಗಿರಬೇಕು ಎಂದುಕೊಂಡೆ.

ಫೆಲಿಕ್ಸ್ ಅವರಿಗೆ ಅಷ್ಟರಲ್ಲಿ ಪಾರ್ಶ್ವವಾಯು ಹೊಡೆದಿತ್ತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಪಂದ್ಯವೊಂದನ್ನು ಮಾತ್ರ ಬಿಡುತ್ತಿರಲಿಲ್ಲ. ಜನವರಿಯ ಒಂದು ಶನಿವಾರ ಬೆಳಿಗ್ಗೆ ಅವರನ್ನು ನೋಡಲು 680 ಫ್ರೀವೇ ಹಿಡಿದು ಹೊರಟೆ. ಮಂಜು ಕವಿದಿತ್ತು. ನಾನು ಇಳಿಯಬೇಕಾದ ಎಕ್ಸಿಟ್ಟು ಯಾವಾಗ ಬಂದು ಹೋಯಿತೋ ತಿಳಿಯಲೇ ಇಲ್ಲ, ಮುಂದಿನದರಲ್ಲಿ ಇಳಿದು ತಿರುಗಿ ಬಂದೆ. ವಯಸ್ಸಾಯಿತು ಎಂದು ನನ್ನನ್ನೇ ಬೈದುಕೊಂಡೆ.

ಲವೀನಾ ಕಾಫಿ ಕೊಟ್ಟಳು. "ಡ್ಯಾಡಿ ಸೌಂಡ್ ಇಟ್ರೆ ಕೋಪ ಮಾಡ್ತಾರೆ ಆಂಟಿ. ಮ್ಯೂಟಲ್ಲೇ ನೋಡೋದು" ಎಂದಳು. ಹಳದಿಯವರ ಕಪ್ ಪಂದ್ಯ ನಡೆಯುತ್ತಿತ್ತು. ನಿಶ್ಶಬ್ದವಾದ ಕೋಣೆ, ನಿಶ್ಶಬ್ದವಾದ ಆಟ. ನಮ್ಮವರು ಎದುರಾಳಿಯ ಗೋಲಿನ ಮುಂದೆ ನುಗ್ಗಿದ್ದರು. ಟೀವಿಯಲ್ಲಿ ಕಾಣುತ್ತಿದ್ದುದು ಆ ತುದಿ ಮಾತ್ರ. ಆಗ ಫೆಲಿಕ್ಸ್ ಎಡಗೈ ಎತ್ತಿ ಅಂಗೈ ತೋರಿಸಿದರು.

ಎಷ್ಟೋ ವರ್ಷಗಳ ಮೇಲೆ ಆ ಅಂಗೈ ನೋಡಿದೆ. "ಏನ್ರೀ ಫೆಲಿಕ್ಸ್, ಏನಾತು?" ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಕಣ್ಣು ಪರದೆಯ ಎಡ ಅಂಚಿನಲ್ಲಿ ನೆಟ್ಟಿತ್ತು. ಅಂಚಿನ ಆಚೆ ಟೀವಿಯ ಕಪ್ಪು ಚೌಕಟ್ಟು, ಅದರಾಚೆ ಗೋಡೆ. ಸ್ವಲ್ಪ ಹೊತ್ತಿಗೆ ಕೈ ಇಳಿಯಿತು. ಹಳೆಯ ಅಭ್ಯಾಸ, ಪಾಪ, ಎಂದುಕೊಂಡೆ. ಅಭ್ಯಾಸ ನನ್ನದೂ ಹೋಗಿರಲಿಲ್ಲ. ಪರದೆಯ ಮೂಲೆಯಲ್ಲಿದ್ದ ಪಂದ್ಯದ ಗಡಿಯಾರ ನೋಡಿ ಕಿರಾಣಿ ಚೀಟಿಯ ಹಿಂದೆ ಬರೆದುಕೊಂಡೆ: ಮೂವತ್ತೇಳನೇ ನಿಮಿಷ. ಎರಡನೇ ಅರ್ಧದಲ್ಲಿ ಇನ್ನೊಮ್ಮೆ ಎತ್ತಿದರು: ಎಪ್ಪತ್ತೊಂದು.

ಸೋಮವಾರ ಫೈಲು ತೆರೆದೆ. ಹಳದಿ ಗುರುತು ಎರಡೇ ಕಡೆ. ಮೂವತ್ತೇಳು, ಎಪ್ಪತ್ತೊಂದು. ಎರಡೂ ಆರನೇ ನಂಬರು.

ಎದ್ದು ಹೋಗಿ ಮುಖ ತೊಳೆದು ಬಂದೆ. ಮತ್ತೆ ನೋಡಿದೆ. ಇದು ಕ್ಯಾಮೆರಾ ತಪ್ಪಿದ್ದಲ್ಲ. ನಾಲ್ಕು ಕ್ಯಾಮೆರಾಗಳನ್ನೂ ಬೇರೆ ಬೇರೆ ತೆರೆದೆ, ನಾಲ್ಕರಲ್ಲೂ ಅದೇ ಜಾಗ, ಅದೇ ಸೆಕೆಂಡು. ಇಪ್ಪತ್ತೊಂದು ಚುಕ್ಕೆಗಳು ಹರಿಯುತ್ತಿದ್ದವು, ಒಂದು ನಿಂತಿತ್ತು. ಚೆಂಡು ದೂರವಿತ್ತು, ಆದ್ದರಿಂದ ಆ ಹೊತ್ತಿನಲ್ಲಿ ಅವನನ್ನು ಮೈದಾನದಲ್ಲಿ ಯಾರೂ ನೋಡುತ್ತಿರಲಿಲ್ಲ. ಟೀವಿಯೂ ನೋಡಿರಲಿಲ್ಲ. ಮತ್ತೆ ಫೆಲಿಕ್ಸ್ ಎಲ್ಲಿಂದ ನೋಡಿದರು? ಇದಕ್ಕೆ ಉತ್ತರ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ಅವರಿಗೆ ಮಾತು ಬರುವುದಿಲ್ಲ.

ಆಮೇಲೆ ಪ್ರತಿ ಶನಿವಾರ ಸ್ಯಾನ್ ರಮೋನ್‌ಗೆ ಹೋಗತೊಡಗಿದೆ. ಅವರು ಕೈ ಎತ್ತುತ್ತಿದ್ದರು, ನಾನು ನಿಮಿಷ ಬರೆದುಕೊಳ್ಳುತ್ತಿದ್ದೆ, ಸೋಮವಾರ ಫೈಲು ಅದನ್ನೇ ಹೇಳುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ಒಂದು ಮಧ್ಯಾಹ್ನ ಋತುವಿನ ಎಲ್ಲ ಪಂದ್ಯಗಳಿಂದ ನನ್ನ ಬ್ರಿಡ್ಜುಗಳನ್ನು ಕಿತ್ತು ನೋಡಿದೆ. ಅಕ್ಟೋಬರಿನಲ್ಲಿ ಒಂದು ಪಂದ್ಯಕ್ಕೆ ಒಂದು ಸಲ ನಿಂತವನು ಮಾರ್ಚಿನಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದ. ಒಂದೊಂದನ್ನೂ ಮುಚ್ಚಿ, "ಸರಿಯಿದೆ" ಎಂದು ಸಹಿ ಹಾಕಿದವಳು ನಾನು. ಕ್ಲಬ್ಬಿನ ಡಾಕ್ಟರರು ಆ ಫೈಲು ನೋಡಿ, ಹುಡುಗ ಕುದುರೆಯ ಹಾಗೆ ಓಡುತ್ತಿದ್ದಾನೆ ಎಂದುಕೊಂಡಿರುತ್ತಾರೆ.

ಬ್ರೆಂಡಾಳ ಹತ್ತಿರ ಹೋದೆ. ಫೆಲಿಕ್ಸ್‌ರ ಕೈ ವಿಷಯ ಹೇಳಲಿಲ್ಲ, ಹೇಳಿದ್ದರೆ ನನ್ನನ್ನೇ ಡಾಕ್ಟರಿಗೆ ತೋರಿಸುತ್ತಿದ್ದಳು. ಚುಕ್ಕೆ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಕ್ಲಬ್ಬಿಗೆ ನಾವು ಅಂಕಿ ಕೊಡುತ್ತೇವೆ, ಅಭಿಪ್ರಾಯ ಕೊಡುವುದಿಲ್ಲ. ಆಟಗಾರರ ಬಗ್ಗೆ ನಾವಾಗಿ ಬರೆಯುವಂತಿಲ್ಲ ಎಂದು ಕರಾರಿನಲ್ಲೇ ಇದೆ, ನಿನಗೆ ಗೊತ್ತು. ಅವನಿಗೇನಾದರೂ ಆಗುತ್ತಿದ್ದರೆ ಅವನಿಗೇ ಮೊದಲು ಗೊತ್ತಾಗುತ್ತದಲ್ಲವೇ? ಅವನೇ ಹೇಳುತ್ತಾನೆ" ಎಂದಳು.

ಮನೆಯಲ್ಲಿ ನಮ್ಮ ಯಜಮಾನರೂ ಅದನ್ನೇ ಅಂದರು. "ಅಲ್ಲ, ಆಡೋಂವಗ ಗೊತ್ತಾಗೂದಿಲ್ಲೇನ? ಇಲ್ಲಿ ಕುಂತು ನಿನಗ ಗೊತ್ತಾಗತದ, ಅವಗ ಗೊತ್ತಾಗೂದಿಲ್ಲಾ? ರಿಟೈರ್ ಆಗಲಿಕ್ಕೆ ಮೂರು ತಿಂಗಳು ಅದ. ಸುಮ್ನ ಇರು."

ಸುಮ್ಮನೆ ಇದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಮಾತು ನನಗೆ ಹಿತವಾಗಿತ್ತು. ಗೊತ್ತಿದ್ದೇ ಆಡುತ್ತಿದ್ದಾನೆ ಎಂದಾದರೆ ನನ್ನ ಸಹಿಯ ಪಾಪ ಅರ್ಧ ಇಳಿಯುತ್ತದಲ್ಲ! ಅತ್ತ ಹಳದಿಯವರು ಜಾತ್ರೆಯಲ್ಲೂ ಗೆಲ್ಲತೊಡಗಿದ್ದರು. ಅವರಿಗಿಂತ ಹತ್ತು ಪಟ್ಟು ದೊಡ್ಡ ಕ್ಲಬ್ಬೊಂದನ್ನು ಕೆಡವಿ ಕಪ್ಪಿನ ಸೆಮಿಫೈನಲ್ ತಲುಪಿದರು. ಊರಿಗೆ ಊರೇ ಹಳದಿ ಬಟ್ಟೆ ಕಟ್ಟಿಕೊಂಡು ಕುಣಿಯುವುದನ್ನು ಟೀವಿಯಲ್ಲಿ ನೋಡಿದೆ. ಆರನೇ ನಂಬರನ್ನು ಹೆಗಲ ಮೇಲೆ ಹೊತ್ತಿದ್ದರು. ಆಗ ಅವನ ಮುಖ ಕಂಡಿತು. ಮುಂದಿನ ಹಲ್ಲು ಸ್ವಲ್ಪ ಉಬ್ಬು, ಕಿವಿ ಅಗಲ. ಚುಕ್ಕೆಗೆ ಮುಖ ಬರಬಾರದಿತ್ತು.

ಸೆಮಿಫೈನಲ್ಲಿಗೆ ಒಂದು ವಾರ ಮೊದಲಿನ ಶನಿವಾರ. ಲೀಗ್ ಪಂದ್ಯದ ಅರ್ಧ ಆಟ ಮುಗಿದಿತ್ತು. ಫೆಲಿಕ್ಸ್‌ರಿಗೆ ಜಾಹೀರಾತು ಆಗದು, ಲವೀನಾ ಟೀವಿ ಆರಿಸಿದಳು. ನಾನು ಅಡುಗೆಮನೆಯಿಂದ ಎರಡು ಲೋಟ ಕಾಫಿ ತರುತ್ತಿದ್ದೆ. ಬಾಗಿಲು ದಾಟಿ ಬಂದು ನೋಡಿದರೆ ಫೆಲಿಕ್ಸ್ ಎಡಗೈ ಎತ್ತಿದ್ದಾರೆ. ಪರದೆ ಕಪ್ಪಾಗಿದೆ. ಅಂಗೈ ನನ್ನ ಕಡೆಗಿದೆ.

ನಕ್ಕೆ. "ಯಾಕ್ರೀ, ಕಾಫಿ ಬ್ಯಾಡೇನು?"

ಲವೀನಾ ಸೋಫಾದಿಂದ ಎದ್ದು ನಿಂತಿದ್ದಳು. ಮುಖ ಬಿಳಿಚಿತ್ತು. "ಆಂಟಿ, ಆರ್ ಯು ಓಕೆ? ಎರಡು ಸಲ ಕರೆದೆ. ಯು ವರ್ ಜಸ್ಟ್... ಸ್ಟ್ಯಾಂಡಿಂಗ್ ದೇರ್. ಕಣ್ಣು ತೆರೆದೇ ಇತ್ತು."

"ನಾನ್ಯಾಕ ನಿಂತೇನವಾ? ನಡಕೊಂಡ ಬಂದೆನಲ್ಲ!"

"ನಿಮ್ಮ ಕೈ ನೋಡಿ ಆಂಟಿ."

ಬಲಗೈಯ ಲೋಟ ವಾಲಿತ್ತು. ಬಿಸಿ ಕಾಫಿ ಬೆರಳ ಮೇಲೆಲ್ಲ ಹರಿದು ಚರ್ಮ ಕೆಂಪಾಗಿತ್ತು, ಕೆಳಗೆ ಕಾರ್ಪೆಟ್ಟಿನ ಮೇಲೆ ಅಂಗೈಯಗಲ ಕಲೆ. ಅವಳು ತೋರಿಸಿದ ಮೇಲೆ ಉರಿ ಶುರುವಾಯಿತು. ಅಡುಗೆಮನೆಯಲ್ಲಿ ಲೋಟ ಎತ್ತಿದ್ದು ನೆನಪಿತ್ತು, ಬಾಗಿಲು ದಾಟಿದ್ದು ನೆನಪಿತ್ತು. ನಡುವೆ ಏನೂ ಬಿಟ್ಟುಹೋದಂತೆ ಅನ್ನಿಸಲೇ ಇಲ್ಲ. ಸಂದು ಎಲ್ಲಿತ್ತು ಎಂದು ಹುಡುಕಿದೆ, ಸಿಗಲಿಲ್ಲ. ಅಷ್ಟು ನಯವಾಗಿ ಜೋಡಿಸಿತ್ತು.

ಆಗ ತಿಳಿಯಿತು. ಯಾರು ನಿಲ್ಲುತ್ತಾರೋ ಅವರಿಗೆ ಗೊತ್ತಾಗುವುದಿಲ್ಲ. ಅವರ ಒಳಗೇ ಒಬ್ಬ ಗಿರಿಜಾ ಕೂತು ಬ್ರಿಡ್ಜು ಹಾಕಿ, ಸರಿಯಿದೆ ಎಂದು ಸಹಿ ಮಾಡಿಬಿಡುತ್ತಾಳೆ. ಆ ಹುಡುಗ ಯಾರಿಗೂ ಏನೂ ಹೇಳುವುದಿಲ್ಲ, ಹೇಳಲು ಅವನ ಹತ್ತಿರ ಏನೂ ಇಲ್ಲ. ಫ್ರೀವೇಯಲ್ಲಿ ನಾನು ಕಳೆದುಕೊಂಡ ಎಕ್ಸಿಟ್ಟುಗಳೂ ನೆನಪಾದವು. ಆ ತಿಂಗಳಲ್ಲಿ ಅಂಥದ್ದು ಮೂರು. ಗಂಟೆಗೆ ಅರವತ್ತೈದು ಮೈಲಿ ವೇಗದಲ್ಲಿ ನಾನು ಎಲ್ಲೆಲ್ಲಿ ನಿಂತಿದ್ದೆನೋ! ಲವೀನಾ ನನ್ನ ಕಾರಿನ ಕೀಲಿ ತೆಗೆದುಕೊಂಡು ತಾನೇ ನನ್ನನ್ನು ಮನೆಗೆ ಬಿಟ್ಟಳು.

ಸೋಮವಾರ ಯಜಮಾನರು ಡಾಕ್ಟರ ಹತ್ತಿರ ಹೋಗೋಣ ಎಂದರು. "ಮೊದಲು ಆಫೀಸು" ಎಂದೆ. ಋತುವಿನ ಒಂದೊಂದು ಫೈಲನ್ನೂ ತೆರೆದು ಆರನೇ ನಂಬರಿನ ಬ್ರಿಡ್ಜುಗಳನ್ನೆಲ್ಲ ಕಿತ್ತುಹಾಕಿದೆ. ಪ್ರತಿಯೊಂದರ ಪಕ್ಕ ಬರೆದೆ: ಇಲ್ಲಿ ಆಟಗಾರ ನಿಂತಿದ್ದಾನೆ. ಕ್ಯಾಮೆರಾದ ತಪ್ಪಲ್ಲ. ಮೊದಲು ಮುಚ್ಚಿದವಳು ನಾನು. ಅವನಿಗೆ ಇದು ಗೊತ್ತಿರಲಾರದು, ದಯವಿಟ್ಟು ಪರೀಕ್ಷೆ ಮಾಡಿಸಿ. ತಿದ್ದಿದ ಫೈಲನ್ನು ಮತ್ತೆ ಕಳಿಸಲು ಒಂದು ಬಟನ್ನು ಇದೆ, ಅದು ನೇರವಾಗಿ ಕ್ಲಬ್ಬಿಗೇ ಹೋಗುತ್ತದೆ. ಒತ್ತಿದೆ. ಅನುಮತಿ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ.

ಮರುದಿನ ಬ್ರೆಂಡಾ ಎಲ್ಲರನ್ನೂ ಮೀಟಿಂಗಿಗೆ ಕರೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ಅವಳು ಬಾಯಿ ತೆರೆಯುವ ಮೊದಲೇ "ನಾನೇ" ಎಂದೆ. ಅವಳು ಕರೆದದ್ದು ಪಾರ್ಕಿಂಗ್ ವಿಷಯಕ್ಕೆ! ವಿಷಯ ಹೊರಬಿತ್ತು, ಲಿಖಿತ ಎಚ್ಚರಿಕೆ ಬಂತು, ಹಳದಿಯವರ ಫೈಲು ನನ್ನ ಕೈಯಿಂದ ಹೋಯಿತು. ಉಳಿದ ದಿನಗಳಲ್ಲಿ ನನಗೆ ಕೊಟ್ಟದ್ದು ಹಳೆಯ ಪಂದ್ಯಗಳ ಹೆಸರಿನ ಕಾಗುಣಿತ ತಿದ್ದುವ ಕೆಲಸ. ಆ ವಾರವೇ ಡಾಕ್ಟರು ನನ್ನ ಎದೆಗೆ ಬಡಿತ ದಾಖಲಿಸುವ ಪಟ್ಟಿ ಅಂಟಿಸಿ ಕಳಿಸಿದರು. ಹೃದಯ ಆಗಾಗ ನಾಲ್ಕೈದು ಸೆಕೆಂಡು ಸುಮ್ಮನಾಗುತ್ತಿದೆ ಎಂದು ಪಟ್ಟಿ ಹೇಳಿತು. ಈಗ ಕಾಲರ್ ಎಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರವೊಂದು ಕೂತಿದೆ.

ಸೆಮಿಫೈನಲ್ಲಿನ ಪಟ್ಟಿಯಲ್ಲಿ ಆರನೇ ನಂಬರು ಇರಲಿಲ್ಲ. ಏನೋ ಸಣ್ಣ ಪೆಟ್ಟು ಎಂದರು. ಹಳದಿಯವರು ಎರಡು ಗೋಲಿನಿಂದ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಗಲ ಮೇಲೆ ಹೊತ್ತ ಆ ಊರಿನವರೇ ಮಳೆಯಲ್ಲಿ ಅಳುತ್ತಾ ಕೂತದ್ದನ್ನು ನೋಡಿ ನನಗೂ ಅಳು ಬಂತು. ನನ್ನ ಬಟನ್ನಿನಿಂದ ಆಯಿತೋ, ನಿಜವಾಗಿ ಪೆಟ್ಟಾಗಿತ್ತೋ, ಯಾರೂ ಹೇಳಲಿಲ್ಲ. ಒಂದು ತಿಂಗಳು ಏನೂ ತಿಳಿಯದೆ ಕಾಗುಣಿತ ತಿದ್ದಿದೆ. ಆ ತಿಂಗಳಿನಷ್ಟು ಉದ್ದದ ತಿಂಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಕೊನೆಯ ವಾರ ಬ್ರೆಂಡಾ ನನ್ನ ಮೇಜಿಗೆ ಬಂದಳು. ಎಂದೂ ಬಂದವಳಲ್ಲ. ಕೈಯಲ್ಲಿ ಒಂದು ಹಾಳೆ ಇತ್ತು. "ಕ್ಲಬ್ಬಿನ ಡಾಕ್ಟರರದು. ನಿನಗೆ ಕೊಡುವ ಹಾಗಿಲ್ಲ, ಓದಿ ಹೇಳುತ್ತೇನೆ" ಎಂದಳು. ಹುಡುಗನಿಗೆ ಆಪರೇಷನ್ ಆಗಿದೆ, ಇನ್ನು ಆಡುವುದಿಲ್ಲ, ಆದರೆ ಬದುಕುತ್ತಾನೆ. ಕೊನೆಯ ಸಾಲು ಓದುವಾಗ ಅವಳ ದನಿ ಸಣ್ಣದಾಯಿತು. "ಎಷ್ಟು ಸಲ ನಿಂತಿದ್ದೆ ಎಂದು ಕೇಳಿದೆವು. ಅವನಿಗೂ ಗೊತ್ತಿರಲಿಲ್ಲ."

ಈಗ ಸೇರುವವರೇ, ನಿಮ್ಮ ಪರದೆಯ ಬಲ ಮೂಲೆಯಲ್ಲಿ ಬ್ರಿಡ್ಜಿನ ಪಕ್ಕ ಇನ್ನೊಂದು ಬಟನ್ನು ಇದೆಯಂತೆ, "ನಿಂತಿದ್ದಾನೆ" ಎಂದು. ಬ್ರೆಂಡಾ ಹಾಕಿಸಿದ್ದು. ಯಾರೂ ಅದನ್ನು ಒತ್ತುವುದಿಲ್ಲ, ಯಾಕಿದೆ ಎಂದೂ ಗೊತ್ತಿಲ್ಲ ಎಂದು ಆ ಹುಡುಗಿಯರು ಹೇಳಿದರು. ಯಾಕಿದೆ ಎಂದು ಈಗ ಗೊತ್ತಾಯಿತಲ್ಲ. ಬ್ರಿಡ್ಜು ಹಾಕುವ ಮೊದಲು ನಾಲ್ಕೂ ಕ್ಯಾಮೆರಾ ನೋಡಿ. ಅಷ್ಟು ಮಾಡಿದರೆ ಸಾಕು.

ಋತುವಿನ ಕೊನೆಯ ಲೀಗ್ ಪಂದ್ಯವನ್ನು ಫೆಲಿಕ್ಸ್‌ರ ಜೊತೆ ನೋಡಿದೆ. ಈಗ ಯಜಮಾನರು ನನ್ನನ್ನು ಕಾರಿನಲ್ಲಿ ಬಿಡುತ್ತಾರೆ. ಹಳದಿಯವರು ಸುಮ್ಮನೆ ಸಮ ಮಾಡಿಕೊಂಡು ಸಂಸಾರ ಮುಗಿಸಿದರು. ಆರನೇ ಅಂಗಿಯನ್ನು ಯಾರೂ ತೊಟ್ಟಿರಲಿಲ್ಲ. ತೊಂಬತ್ತು ನಿಮಿಷವೂ ಫೆಲಿಕ್ಸ್‌ರ ಎಡಗೈ ತೊಡೆಯ ಮೇಲೆಯೇ ಇತ್ತು. ನಾನು ಆಟ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಾ ಕೂತಿದ್ದೆ.

ಪಂದ್ಯ ಮುಗಿದು ಲವೀನಾ ಟೀವಿ ಆರಿಸಿದಳು. ಕಾಫಿ ತರಲು ನಾನು ಎದ್ದೆ. ಫೆಲಿಕ್ಸ್ ತಲೆ ತಿರುಗಿಸಿ ನನ್ನನ್ನು ನೋಡತೊಡಗಿದರು. ಅಡುಗೆಮನೆಗೆ ಹೋದೆ, ಎರಡು ಲೋಟ ಎತ್ತಿಕೊಂಡೆ, ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲಿ ಎಣಿಸುತ್ತಾ ಬಾಗಿಲು ದಾಟಿ ಬಂದೆ. ಅವರ ಕೈ ಮೇಲೇಳಲಿಲ್ಲ. ಲೋಟ ತೆಗೆದುಕೊಳ್ಳಲು ಮುಂದೆ ಚಾಚಿತು, ಅಷ್ಟೇ.